ಉಡುದಾರ ಸಡಿಲಾದ ಲೆಕ್ಕ

ಬೆಳೆಯ ಕಾಯಿಲೆ ಬಗ್ಗೆ ಈ ಪತ್ರಿಕೆಯಲ್ಲಿ ಬೇಕಾದಷ್ಟು ಬಂದಿದೆ. ರಾಗಿಯ ಬೆಂಕಿರೋಗ, ತೆಂಗಿನ ನುಸಿ, ಅವರೆಯ ಕಾಯಿಕೊರಕ ಎಲ್ಲ ಓದಿದ್ದೇವೆ. ಬೆಳೆಯುವವನ ಕಾಯಿಲೆ ಬಗ್ಗೆ ಬರೆದವರು ಕಡಿಮೆ. ಅದಕ್ಕೆ ನಾಚಿಕೆ ಒಂದು ಕಾರಣ. ನನಗೂ ಇತ್ತು. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಹಾಗೇ ಹೊಟ್ಟೆ ಮುಂದೆ ಬಂದು, ಮಂಡಿ ಹಿಡಿದುಕೊಂಡು, ಮಾತ್ರೆ ಜೇಬಿನಲ್ಲಿಟ್ಟುಕೊಂಡು ಓಡಾಡುವ ರೈತರು ನಮ್ಮ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಸಿಗುತ್ತಾರೆ.

ನಮ್ಮ ಕಡೆ ಗಂಡಸರು ಸೊಂಟಕ್ಕೆ ಉಡುದಾರ ಕಟ್ಟುತ್ತೇವೆ. ನನ್ನ ಉಡುದಾರ 2009ರಿಂದ 2021ರ ಒಳಗೆ ನಾಲ್ಕು ಸಲ ಬಿಗಿಯಾಗಿ ಸೊಂಟ ಕಚ್ಚಿತು. ನಾಲ್ಕು ಸಲವೂ ಗಂಟು ಬಿಚ್ಚಿ ಸಡಿಲ ಮಾಡಿದೆ. 'ನೀರು ಬಿದ್ದು ಬಿದ್ದು ದಾರ ಕುಗ್ಗೈತೆ' ಅಂತ ಮನೆಯವಳಿಗೆ ಹೇಳಿದೆ. 'ದಾರ ಕುಗ್ಗಿಲ್ಲ ಕನಿ, ನೀವು ಉಬ್ಬೀದಿರಿ' ಅಂದಳು. ನಕ್ಕು ಸುಮ್ಮನಾದೆ. ಆ ಮಾತನ್ನು ಅವತ್ತೇ ಕೇಳಿದ್ದರೆ ಎಡಗಾಲಿನ ಒಂದು ಬೆರಳು ಇವತ್ತೂ ನನ್ನ ಹತ್ತಿರ ಇರುತ್ತಿತ್ತು.

ಕೆಲಸ ಮೈ ಬಿಟ್ಟು ಹೋಯಿತು

ನನ್ನದು ನಾಗಮಂಗಲ ತಾಲ್ಲೂಕಿನಲ್ಲಿ ಮೂರೂ ಕಾಲು ಎಕರೆ ಮಳೆ ನಂಬಿದ ಹೊಲ. ರಾಗಿ, ಸಾಲಿನಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು, ಹಿಂಗಾರಿಗೆ ಹುರುಳಿ. ಅಪ್ಪನ ಕಾಲದಲ್ಲಿ ಇಷ್ಟೇ ಹೊಲಕ್ಕೆ ವರ್ಷವೆಲ್ಲ ಮೈ ಬಗ್ಗಿಸಬೇಕಿತ್ತು. ನೇಗಿಲು, ಕುಂಟೆ, ಕಳೆ, ಕುಯ್ಲು, ಹೊರೆ ಹೊರೋದು, ಕಣ ಮಾಡೋದು, ಗುಂಡು ಕಟ್ಟಿ ಒಕ್ಕೋದು. ಒಂದು ದಿನ ಕುಂಟೆ ಹೊಡೆದರೆ ಎಷ್ಟು ಮೈಲಿ ನಡೆಯುತ್ತಿದ್ದೆವೋ ಲೆಕ್ಕ ಇಟ್ಟವರಿಲ್ಲ.

ನಾನು ಎತ್ತು ಮಾರಿದ್ದು 2009ರಲ್ಲಿ. ಆಮೇಲೆ ಟ್ರಾಕ್ಟರ್ ಬಂತು. ಒಂದೂವರೆ ಗಂಟೆಯಲ್ಲಿ ಉಳುಮೆ ಮುಗಿಯುತ್ತೆ, ನಾವು ಬದುವಿನ ಮೇಲೆ ಕೂತು ಬೀಡಿ ಸೇದೋದು. ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿದರೆ ಬಸ್ಸು ಲಾರಿಗಳೇ ತುಳಿದು ಕೊಡುತ್ತವೆ. ಹೊಲಕ್ಕೆ ಹೋಗೋದೂ ಬೈಕಿನಲ್ಲಿ. ಮೈ ಮಾಡುತ್ತಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ಎಂಜಿನ್ನಿಗೆ ಹೋಯಿತು. ತಪ್ಪು ಅಂತ ಹೇಳುತ್ತಿಲ್ಲ. ಕೂಲಿ ಸಿಗದ ಕಾಲದಲ್ಲಿ ಅದಿಲ್ಲದೆ ಆಗದು. ತಪ್ಪಿದ್ದು ಬೇರೆ ಕಡೆ: ಕೆಲಸ ಕಡಿಮೆ ಆದರೂ ತಟ್ಟೆಯಲ್ಲಿದ್ದ ಮುದ್ದೆ ಮಾತ್ರ ಎತ್ತು ಕಟ್ಟಿದವನ ಮುದ್ದೆಯಾಗೇ ಉಳಿಯಿತು. ಅದರ ಮೇಲೆ ಅನ್ನವೂ ಬಂತು.

ನಮ್ಮ ಅಜ್ಜಂದಿರಿಗೆ ಮುದ್ದೆಗೇ ಬರ ಇತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಹಗೇವು ತುಂಬಿತು. ಆ ಪುಣ್ಯಾತ್ಮ ಹೊಟ್ಟೆ ತುಂಬಿಸಿದರು. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ನಾವು ಕಲಿಯಬೇಕಾಗಿದ್ದ ಪಾಠ.

ಬೆರಳು ಹೋದ ವರ್ಷ

ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿದ್ದು 2012ರಲ್ಲಿ. ಮಾತ್ರೆ ಕೊಟ್ಟರು. ಎರಡು ತಿಂಗಳು ನುಂಗಿದೆ, ಮೈ ಹಗುರವಾಯಿತು, ಬಿಟ್ಟೆ. ಆಮೇಲೆ ಯಾರೋ ಹೇಳಿದರು ಅಂತ ಒಬ್ಬರ ಹತ್ತಿರ ಪುಡಿ ತಂದು ಒಂದು ವರ್ಷ ತಿಂದೆ. ನೋವಿಲ್ಲ, ಜ್ವರ ಇಲ್ಲ, ಹಾಗಾಗಿ ಕಾಯಿಲೆಯೂ ಇಲ್ಲ ಅಂದುಕೊಂಡೆ. ಈ ಕಾಯಿಲೆಯ ಮೋಸ ಅದೇ. ಬೇರುಹುಳ ಬಿದ್ದ ಗಿಡದ ಹಾಗೆ, ಮೇಲೆ ಹಸಿರಾಗೇ ಇರುತ್ತೆ.

2021ರ ಮಳೆಗಾಲದಲ್ಲಿ ಎಡಗಾಲಿನ ಕಿರುಬೆರಳ ಪಕ್ಕ ಜಾಲಿ ಮುಳ್ಳು ಹೊಕ್ಕಿತ್ತು. ನನಗೆ ಗೊತ್ತೇ ಆಗಲಿಲ್ಲ. ವರ್ಷಗಟ್ಟಲೆ ಸಕ್ಕರೆ ಏರಿ ನಿಂತರೆ ಕಾಲಿನ ನರ ಸತ್ತಂತಾಗಿ ಮುಳ್ಳು ಚುಚ್ಚಿದ್ದೂ ತಿಳಿಯೋದಿಲ್ಲ, ರಕ್ತ ಓಡಾಟ ಕಡಿಮೆಯಾಗಿ ಗಾಯವೂ ಬೇಗ ಮಾಯೋದಿಲ್ಲ. ನಾಲ್ಕನೇ ದಿನ ವಾಸನೆ ಬಂದಾಗ ಮನೆಯವಳು ನೋಡಿದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬೆರಳು ಕಪ್ಪಾಗಿತ್ತು.

'ಯಜಮಾನ್ರೇ, ಬೆರಳು ಹೋದ್ರೆ ಹೋಗ್ಲಿ, ಪಾದ ಉಳಿಸ್ಕೊಳ್ಳೋಣ' ಅಂದರು ಡಾಕ್ಟರು. ಬೆರಳು ತೆಗೆದರು. ಗಾಯ ಮಾಯಲು ಎರಡು ತಿಂಗಳ ಮೇಲೆ ಹಿಡಿಯಿತು. ಮಂಚದ ಮೇಲೆ ಮಲಗಿ, ಬಂದವರು ತಂದ ಬಿಸ್ಕತ್ತು ಬ್ರೆಡ್ಡು ತಿಂದು, ಕಾಲಿನ ತೊಡೆ ಬತ್ತಿತು, ಹೊಟ್ಟೆ ಮಾತ್ರ ಬೆಳೆಯಿತು. 2022ರ ಜನವರಿಯಲ್ಲಿ ಎದ್ದು ನಿಂತಾಗ 88 ಕಿಲೋ. ಎತ್ತರ ಐದು ಅಡಿ ಆರು ಅಂಗುಲ. ಸೊಂಟ 42 ಅಂಗುಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿ ಎ1ಸಿ ಪರೀಕ್ಷೆಯಲ್ಲಿ 9.8. ಹೊಲವನ್ನು ಅಷ್ಟರಲ್ಲೇ ಪಕ್ಕದವನಿಗೆ ವಾರಕ್ಕೆ ಕೊಟ್ಟಾಗಿತ್ತು. ನನ್ನ ಹೊಲದ ಬದುವಿಗೆ ನಡೆದು ಹೋಗಲು ಆಗದೆ ಮಗನ ಬೈಕಿನ ಹಿಂದೆ ಕೂತು ಹೋಗಿ, ಬೇರೆಯವನು ನನ್ನ ನೆಲ ಉಳುವುದನ್ನು ನೋಡಿ ಬಂದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮನೆಯವಳು ಹೇಳಿದ್ದು ಇಷ್ಟೇ: 'ನಿಮ್ಮ ಕಾಲ ಮೇಲೆ ನೀವು ನಿಂತ್ರೆ ಸಾಕು, ಹೊಲ ಎಲ್ಲಿಗೋದಾದು?'

ಮುದ್ದೆ ತಕ್ಕಡಿಗೆ ಹಾಕಿದ್ದು

ಡಾಕ್ಟರು ತೂಕ ಇಳಿಸಿ ಅಂದರು. ಹೇಗೆ ಅಂತ ಕೇಳಿದ್ದಕ್ಕೆ ಆಸ್ಪತ್ರೆಯ ಪಥ್ಯದ ಹುಡುಗಿ ಒಂದು ಮಾತು ಕೇಳಿದಳು: 'ಅಪ್ಪಾಜಿ, ಹೊಲಕ್ಕೆ ಯೂರಿಯಾ ಹಾಕುವಾಗ ತೂಗಿ ಹಾಕ್ತೀರಾ, ಇಲ್ಲ ಕಣ್ಣಂದಾಜಾ?' ತೂಗಿಯೇ ಅಂದೆ. 'ಮುದ್ದೆ ತೂಗಿದ್ದೀರಾ?' ಅಂದಳು. ಇಲ್ಲ.

ಮನೆಗೆ ಬಂದು ಅಂಗಡಿಯವರ ತಕ್ಕಡಿ ತರಿಸಿ ತೂಗಿದೆ. ನನ್ನ ಒಂದು ಮುದ್ದೆ 460 ಗ್ರಾಂ. ಅದರಲ್ಲಿ ಹಿಟ್ಟು 150 ಗ್ರಾಂ, ಮಿಕ್ಕಿದ್ದು ನೀರು. ಮಧ್ಯಾಹ್ನ ಒಂದು, ರಾತ್ರಿ ಒಂದು. ಎರಡು ಹೊತ್ತೂ ಮುದ್ದೆ ಮೇಲೆ 300 ಗ್ರಾಂ ಅನ್ನ. ಬೆಳಿಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ. ಇದಲ್ಲದೆ ದಿನಕ್ಕೆ ಏಳು ಟೀ, ಟೀಗೆ ಎರಡು ಚಮಚ ಸಕ್ಕರೆ. ಒಂದು ಟೀ ಚಮಚಕ್ಕೆ ಐದು ಗ್ರಾಂ ಹಿಡಿದರೂ ದಿನಕ್ಕೆ 70 ಗ್ರಾಂ, ತಿಂಗಳಿಗೆ ಎರಡು ಕಿಲೋ ಮೇಲೆ. ಸಕ್ಕರೆ ಕಾಯಿಲೆಯವನು ಟೀಯಲ್ಲೇ ಎರಡು ಕಿಲೋ ಸಕ್ಕರೆ ಕುಡಿಯುತ್ತಿದ್ದ!

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ರಾಗಿ ತಿಂದರೆ ಸಕ್ಕರೆ ಏರೋದೇ ಇಲ್ಲ ಅಂತ ನಮ್ಮಲ್ಲಿ ನಂಬಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟ, ಬಿಳಿ ಅಕ್ಕಿಯಲ್ಲಿ 78 ಗ್ರಾಂ. ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಅಕ್ಕಿಯಲ್ಲಿ ಮೂರರ ಒಳಗೆ. ಸುಣ್ಣದಂಶ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತೂ ಇಲ್ಲ. ಹಾಗಾಗಿ ರಾಗಿ ಮೇಲು, ಸಂಶಯವಿಲ್ಲ. ಆದರೆ ಪಿಷ್ಟ ಪಿಷ್ಟವೇ. ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿದರೆ ರಾಗಿಯೂ ಸಕ್ಕರೆ ಏರಿಸುತ್ತೆ. ಬೆಲ್ಲವೂ ಅಷ್ಟೆ. ಆಲೆಮನೆ ಬೆಲ್ಲ ಒಳ್ಳೇದು, ಸಕ್ಕರೆ ಕೆಟ್ಟದ್ದು ಅನ್ನೋ ಮಾತು ಸಕ್ಕರೆ ಕಾಯಿಲೆಯವರಿಗೆ ಹೊಂದೋದಿಲ್ಲ. ಎರಡೂ ಒಂದೇ ಕಬ್ಬಿನ ಹಾಲು.

ನಾನು ಮಾಡಿಕೊಂಡ ಬದಲಾವಣೆ ಹೀಗಿದೆ:

ಬೆಳಿಗ್ಗೆ ಒಂದು ರಾಗಿ ರೊಟ್ಟಿ, ಸೊಪ್ಪಿನ ಪಲ್ಯ, ಒಂದು ಮೊಟ್ಟೆ. ಮಧ್ಯಾಹ್ನ ಮತ್ತು ರಾತ್ರಿ ಕಿತ್ತಳೆ ಗಾತ್ರದ ಮುದ್ದೆ, ಒಂದೊಂದಕ್ಕೆ 60 ಗ್ರಾಂ ಹಿಟ್ಟು. ಅದಕ್ಕೆಂದೇ ಒಂದು ಸಣ್ಣ ಲೋಟ ಗುರುತು ಮಾಡಿ ಹಿಟ್ಟಿನ ಡಬ್ಬದಲ್ಲೇ ಇಟ್ಟಿದ್ದೇವೆ. ಮೂರು ಹೊತ್ತಿಗೂ ಸೇರಿ ಹಿಟ್ಟು 180 ಗ್ರಾಂ ದಾಟೋದಿಲ್ಲ. ಅನ್ನ ವಾರಕ್ಕೆ ಒಂದು ಸಲ, ಒಂದು ಹಿಡಿ.

ಮುದ್ದೆ ಚಿಕ್ಕದಾದ ಜಾಗ ಖಾಲಿ ಬಿಡಬಾರದು. ಬಿಟ್ಟರೆ ಹಸಿವು ಕಾಡಿ ಎಂಟು ದಿನಕ್ಕೆ ಹಳೆ ದಾರಿಗೆ ಬರುತ್ತೇವೆ. ಆ ಜಾಗಕ್ಕೆ ಸೊಪ್ಪು, ಕಾಳು ತುಂಬಿಸಿದೆ. ಬೆರಕೆ ಸೊಪ್ಪಿನ ಬಸ್ಸಾರು ಮಾಡಿದರೆ ಮೊದಲು ಬಸಿದ ಸೊಪ್ಪು ಕಾಳು ಒಂದು ಬಟ್ಟಲು ಅಗಿದು ತಿನ್ನುತ್ತೇನೆ, ಮುದ್ದೆ ಆಮೇಲೆ. ಹುರುಳಿ, ಅಲಸಂದೆ, ಅವರೆ, ಹೆಸರು, ದಿನಕ್ಕೊಂದು ಕಾಳು. ಹುರುಳಿಯಲ್ಲಿ ನೂರಕ್ಕೆ 22 ಭಾಗದಷ್ಟು ಪ್ರೋಟೀನ್ ಇದೆ. ಬತ್ತಿದ ತೊಡೆ ತುಂಬಲು ಅದು ಬೇಕು. ಮುದ್ದೆಯನ್ನು ನಾವು ನುಂಗುತ್ತೇವೆ, ಅಗಿಯೋದಿಲ್ಲ. ಹೊಟ್ಟೆ ತುಂಬಿದ್ದು ತಲೆಗೆ ತಿಳಿಯೋ ಹೊತ್ತಿಗೆ ಎರಡನೇದು ಮುಗಿದಿರುತ್ತೆ. ಹಾಗಾಗಿ ಒಂದು ಮುಗಿದ ಮೇಲೆ ಕೈ ತೊಳೆದು ಎದ್ದುಬಿಡುತ್ತೇನೆ. ಟೀ ಎರಡು, ಸಕ್ಕರೆ ಇಲ್ಲ. ಮೊದಲ ಹದಿನೈದು ದಿನ ಕಷಾಯ ಕುಡಿದಂತಿತ್ತು. ಈಗ ಸಕ್ಕರೆ ಹಾಕಿದ ಟೀ ಬಾಯಿಗೆ ಅಂಟುತ್ತೆ.

ಗಮನಿಸಿ: ಇದರಲ್ಲಿ ಅಂಗಡಿಯಿಂದ ತಂದದ್ದು ಏನೂ ಇಲ್ಲ. ಓಟ್ಸ್ ಇಲ್ಲ, ಡಬ್ಬದ ಪುಡಿ ಇಲ್ಲ. ನಮ್ಮ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯೋದೇ ಎಲ್ಲ.

ಹೆಜ್ಜೆಯ ಲೆಕ್ಕ

ಬೆರಳು ಹೋದ ಕಾಲಿಗೆ ನಡಿಗೆ ಒಂದೇ ಸಲ ಆಗೋದಿಲ್ಲ. ಡಾಕ್ಟರು ಗಾಯ ಪೂರ್ತಿ ಮಾಯುವ ತನಕ ಕೂತಲ್ಲೇ ಕಾಲು ಚಾಚುವುದು, ಮಡಿಸುವುದು ಹೇಳಿಕೊಟ್ಟರು. ಆಮೇಲೆ ಸಕ್ಕರೆ ಕಾಯಿಲೆಯವರಿಗೆಂದೇ ಸಿಗುವ ಮೆತ್ತನೆ ಎಂ.ಸಿ.ಆರ್. ಚಪ್ಪಲಿ ಬರೆದುಕೊಟ್ಟರು.

ಮೊದಲ ತಿಂಗಳು: ಮನೆಯಿಂದ ಮಾರಿಗುಡಿಗೆ 210 ಹೆಜ್ಜೆ. ಊಟವಾದ ಮೇಲೆ ಹೋಗಿ ಬರೋದು, ದಿನಕ್ಕೆ ಮೂರು ಸಲ. ಊಟವಾದ ತಕ್ಷಣ ಹತ್ತು ನಿಮಿಷ ನಡೆದರೂ ಕಾಲಿನ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತೆ. ಮಲಗಿದರೆ ಅದು ಅಲ್ಲೇ ನಿಲ್ಲುತ್ತೆ. ನಾಲೆ ನೀರಿಗೆ ತೂಬು ಎತ್ತಿದ ಹಾಗೆ ಇದು.

ಮೂರನೇ ತಿಂಗಳು: ಊರ ಕೆರೆ ಏರಿ ಮೇಲೆ ಬೆಳಿಗ್ಗೆ 40 ನಿಮಿಷ. ಜಗುಲಿ ಮೇಲೆ ಕೂತು ಕೈ ಊರದೆ ಏಳೋದು, ಮೊದಲು ಐದು ಸಲ, ಆಮೇಲೆ ಹದಿನೈದು.

ಆರನೇ ತಿಂಗಳು: ಬದುವಿನಲ್ಲಿ ಗುದ್ದಲಿ ಹಿಡಿದೆ. ಹತ್ತು ನಿಮಿಷಕ್ಕೆ ಏದುಸಿರು. ಕೂತು ಎದ್ದು ಅರ್ಧ ಗಂಟೆ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಕೆಲಸ, ಜೊತೆಗೆ ಎರಡು ದಿನ ಮಾಂಸಖಂಡಕ್ಕೆ ಭಾರದ ಕೆಲಸ ಇರಬೇಕು ಅನ್ನುತ್ತಾರೆ. ಪೇಟೆಯವರು ಇದಕ್ಕೆ ಕಬ್ಬಿಣ ಎತ್ತಲು ದುಡ್ಡು ಕೊಟ್ಟು ಹೋಗುತ್ತಾರೆ. ನಮಗೆ ಗುದ್ದಲಿ, ಹುಲ್ಲಿನ ಹೊರೆ, ನೀರಿನ ಬಿಂದಿಗೆ ಇದೆ.

ಹತ್ತನೇ ತಿಂಗಳು: ಹಸುವಿಗೆ 15 ಕಿಲೋ ಹುಲ್ಲಿನ ಹೊರೆ ಅರ್ಧ ಮೈಲಿ ಹೊತ್ತು ತಂದೆ. ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು, ಏನೂ ಮಾತಾಡಲಿಲ್ಲ. ಹೊರೆ ಇಳಿಸಿಕೊಂಡಳು.

ನಾಲ್ಕು ತಾಲ್ಲೂಕು, ಒಂದೇ ಮಾತ್ರೆ

2022ರ ಮೇ ತಿಂಗಳಲ್ಲಿ ಪಾಂಡವಪುರದ ಹತ್ತಿರ ನೆಂಟರ ಮನೆ ಬೀಗರೂಟ. ಹೊತ್ತಿಗೆ 78 ಕಿಲೋಗೆ ಇಳಿದಿದ್ದೆ. ಪಂಕ್ತಿಯಲ್ಲಿ ನಾವು ನಾಲ್ಕು ಜನ ಕೂತೆವು. ಶ್ರೀರಂಗಪಟ್ಟಣದ ಕಡೆಯ ಭಾವ: ನಾಲೆ ಬಯಲು, ಎರಡು ಬೆಳೆ ಭತ್ತ. ಪಾಂಡವಪುರದ ಬೀಗರು: ಕಬ್ಬು, ಆಲೆಮನೆ. ಕೆ.ಆರ್.ಪೇಟೆಯ ತಂಗಿ ಗಂಡ: ತೆಂಗು, ಹೇಮಾವತಿ ನಾಲೆ ನೀರು. ನಾಗಮಂಗಲದ ನಾನು: ಆಕಾಶ ನೋಡುವವನು. ಊಟಕ್ಕೆ ಮುಂಚೆ ನಾಲ್ಕು ಜನವೂ ಜೇಬಿಗೆ ಕೈ ಹಾಕಿದೆವು. ನಾಲ್ಕು ಜನದ ಕೈಲೂ ಅದೇ ಮಾತ್ರೆ ಹಾಳೆ. ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಶುರುವಾದ ಮೇಲೆ ನಮ್ಮದು ಸಕ್ಕರೆ ಜಿಲ್ಲೆ ಅಂತ ಹೆಸರಾಯಿತು. ಕನ್ನಂಬಾಡಿ ಕಟ್ಟೆ ನೀರು ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಸಕ್ಕರೆ ಕಾಯಿಲೆ ಮಾತ್ರ ನಾಲೆ ಇದ್ದ ಕಡೆಗೂ ಬಂತು, ಇಲ್ಲದ ಕಡೆಗೂ ಬಂತು. ಭಾವನ ಗದ್ದೆಗೆ ನಾಟಿ ಯಂತ್ರ, ಕುಯ್ಲು ಯಂತ್ರ ಬಂದಿದೆ. ನನ್ನ ಹೊಲಕ್ಕೆ ಟ್ರಾಕ್ಟರ್. ಬೆಳೆ ಬೇರೆ ಬೇರೆ, ಮೈ ಕೂತಿದ್ದು ಒಂದೇ ಥರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ದೇಶದ ಸಮೀಕ್ಷೆ 2023ರಲ್ಲಿ ಹೊರಬಂತು. ಅದರ ಪ್ರಕಾರ 2021ರಲ್ಲಿ ದೇಶದಲ್ಲಿ 10 ಕೋಟಿ 10 ಲಕ್ಷ ಜನಕ್ಕೆ ಸಕ್ಕರೆ ಕಾಯಿಲೆ. ವಯಸ್ಕರಲ್ಲಿ ಪಟ್ಟಣದಲ್ಲಿ ನೂರಕ್ಕೆ 16.4, ಹಳ್ಳಿಯಲ್ಲಿ 8.9. ಇದು ಸಾಹುಕಾರರ ಕಾಯಿಲೆ ಅನ್ನೋ ಕಾಲ ಹೋಯಿತು.

ಆ ಬೀಗರೂಟದಲ್ಲಿ ನನ್ನನ್ನು ನೋಡಿದವರೆಲ್ಲ ಕೇಳಿದ್ದು ಒಂದೇ: 'ಯಾಕಣ್ಣ ಹಿಂಗೆ ಇಳಿದೋದೆ? ಸುಗರ್ ಜಾಸ್ತಿ ಆಗೈತಾ?' ನಮ್ಮಲ್ಲಿ ದಪ್ಪ ಇದ್ದರೆ ಅನುಕೂಲಸ್ಥ, ಸಣ್ಣ ಆದರೆ ಹೋದ ಅಂತ ಲೆಕ್ಕ. ಒಂದು ಹಾಳೆ ಬಿರಿಯಾನಿ ಬಲವಂತ ಮಾಡಿ ಬಡಿಸಿದರು. ಅವರ ಮಾತಿನಲ್ಲಿ ಒಂದು ಸತ್ಯವೂ ಇದೆ. ಸಕ್ಕರೆ ಹತೋಟಿ ತಪ್ಪಿದರೂ ಮನುಷ್ಯ ಇಳಿಯುತ್ತಾನೆ. ಕ್ಷಯದಲ್ಲೂ ಇಳಿಯುತ್ತಾನೆ. ಒಳ್ಳೆಯ ಇಳಿತ ಯಾವುದು, ಕೆಟ್ಟ ಇಳಿತ ಯಾವುದು? ನಾವೇ ತಿಂದದ್ದು ಕಡಿಮೆ ಮಾಡಿ, ರಕ್ತದ ಸಕ್ಕರೆ ಇಳಿಯುತ್ತಾ, ಕಸುವು ಏರುತ್ತಾ ತೂಕ ಹೋದರೆ ಒಳ್ಳೆಯದು. ಏನೂ ಮಾಡದೆ ತೂಕ ಹೋಗಿ, ಬಾಯಾರಿಕೆ, ಪದೇ ಪದೇ ಉಚ್ಚೆ, ಸುಸ್ತು, ಬಿಡದ ಕೆಮ್ಮು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಹೊಲದಲ್ಲಿ ಕಣ್ಣು ಕತ್ತಲೆ ಬಂದದ್ದು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. 2022ರ ಜುಲೈಯಲ್ಲಿ ತೂಕ ಇಳಿದ ಉತ್ಸಾಹದಲ್ಲಿ ಎರಡು ತಿಂಗಳು ಡಾಕ್ಟರ ಹತ್ತಿರ ಹೋಗಲಿಲ್ಲ. ಮಾತ್ರೆ ಮಾತ್ರ ಹಳೆ ಲೆಕ್ಕದಲ್ಲೇ ನುಂಗುತ್ತಿದ್ದೆ. ಒಂದು ದಿನ ಬೆಳಿಗ್ಗೆ ಮಾತ್ರೆ ನುಂಗಿ, ರೊಟ್ಟಿ ತಿನ್ನದೆ ಗುದ್ದಲಿ ಹಿಡಿದು ಹೋದೆ. ಹನ್ನೊಂದರ ಹೊತ್ತಿಗೆ ಮೈಯೆಲ್ಲ ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ಎದುರಿಗಿದ್ದ ಹೊಂಗೆ ಮರ ಎರಡಾಗಿ ಕಂಡಿತು. ಬಿದ್ದೆ. ಕುರಿ ಕಾಯುವ ಹುಡುಗ ನೋಡಿ ಕೂಗಿದ. ಪಕ್ಕದ ಹೊಲದವರು ಓಡಿ ಬಂದು, ಎಚ್ಚರ ಇನ್ನೂ ಇದ್ದುದರಿಂದ, ಬೆಲ್ಲದ ನೀರು ಕುಡಿಸಿದರು. ಬದುಕಿದೆ.

ಆದದ್ದು ಇಷ್ಟು. ನಾನು ನುಂಗುತ್ತಿದ್ದದ್ದು ಎರಡು ಥರದ ಮಾತ್ರೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಅಷ್ಟು ಕೆಳಗೆ ಬೀಳೋದು ಅಪರೂಪ. ಇನ್ನೊಂದು ಗ್ಲಿಮೆಪಿರೈಡ್. ಅದು ಊಟ ಇದ್ದರೂ ಇಲ್ಲದಿದ್ದರೂ ಇನ್ಸುಲಿನ್ ಸುರಿಸುತ್ತೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಊಟ ಕಡಿಮೆ ಮಾಡಿ ದುಡಿಮೆ ಹೆಚ್ಚು ಮಾಡಿದವನು ಹಳೆ ಪ್ರಮಾಣದ ಮಾತ್ರೆಯನ್ನೇ ನುಂಗಿದರೆ, ಮಳೆ ಬಿದ್ದ ಹೊಲಕ್ಕೆ ಮೋಟರ್ ನೀರೂ ಬಿಟ್ಟಂತೆ. ಡಾಕ್ಟರು ನೋಡಿ ಆ ಎರಡನೇ ಮಾತ್ರೆ ಅರ್ಧ ಮಾಡಿದರು, ನಾಲ್ಕು ತಿಂಗಳ ಮೇಲೆ ನಿಲ್ಲಿಸಿದರು. ನಿಲ್ಲಿಸಿದ್ದು ಡಾಕ್ಟರು, ನಾನಲ್ಲ. 2012ರಲ್ಲಿ ನಾನೇ ನಿಲ್ಲಿಸಿದ್ದರ ಫಲ ಕಾಲಿನಲ್ಲಿದೆ.

ಹಾಗಾಗಿ ಮೂರು ಮಾತು. ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಿ, ಮಾತ್ರೆ ಲೆಕ್ಕ ಸರಿ ಮಾಡಿಸಿಕೊಳ್ಳಿ. ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ನಡುಕ ಬೆವರು ಬಂದರೆ ಮೂರು ಚಮಚದಷ್ಟು ಸಕ್ಕರೆ ತಿಂದು ಹದಿನೈದು ನಿಮಿಷ ಕೂತುಕೊಳ್ಳಿ, ಹೋಗದಿದ್ದರೆ ಇನ್ನೊಮ್ಮೆ ತಿನ್ನಿ. ಆಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವನ ಬಾಯಿಗೆ ಏನೂ ಸುರಿಯಬೇಡಿ, ಆಸ್ಪತ್ರೆಗೆ ಓಡಿ.

ತಿಳಿದವರ ಲೆಕ್ಕ

ತೂಕ ಇಳಿದರೆ ಕಾಯಿಲೆ ನಿಜಕ್ಕೂ ತಗ್ಗುತ್ತಾ ಅಂತ ನನಗೂ ಅನುಮಾನ ಇತ್ತು. ಬ್ರಿಟನ್ನಿನಲ್ಲಿ ಡೈರೆಕ್ಟ್ ಅನ್ನೋ ಹೆಸರಿನ ಪ್ರಯೋಗ ಮಾಡಿ 2017ರಲ್ಲಿ ಫಲಿತಾಂಶ ಹೇಳಿದರು. ಕಾಯಿಲೆ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ ಜನ. ಡಾಕ್ಟರ ಕಣ್ಗಾವಲಲ್ಲಿ ಆಹಾರ ಬಹಳ ಕಡಿಮೆ ಮಾಡಿ ತೂಕ ಇಳಿಸಿದವರಲ್ಲಿ ಒಂದು ವರ್ಷದ ಮೇಲೆ ನೂರಕ್ಕೆ 46 ಜನರಿಗೆ ಮಾತ್ರೆ ಇಲ್ಲದೆಯೇ ಸಕ್ಕರೆ ಹತೋಟಿಗೆ ಬಂದಿತ್ತು. ಎಂದಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 4. ಹದಿನೈದು ಕಿಲೋ ಮತ್ತು ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ 86. ಕರುಳಿನ ಸುತ್ತ, ಈಲಿ ಮತ್ತು ಮೇದೋಜೀರಕದಲ್ಲಿ ತುಂಬಿದ ಕೊಬ್ಬು ಕರಗಿದರೆ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುತ್ತೆ ಅನ್ನೋದು ಇದರ ಗುಟ್ಟು.

ಇದು ಗಡಿಯಲ್ಲಿರುವವರಿಗೂ ಅನ್ವಯ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಜೊತೆಯವರು ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಬರೆದರು. ಬರೀ ಮಾಮೂಲಿ ಸಲಹೆ ಪಡೆದವರಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ನಡಿಗೆ ಮತ್ತು ಊಟ ತಿದ್ದಿಕೊಂಡವರಲ್ಲಿ 39. ಅಂದರೆ ನಡಿಗೆ, ಊಟ ತಿದ್ದಿಕೊಂಡದ್ದಕ್ಕೇ ಅಷ್ಟು ಜನ ಉಳಿದುಕೊಂಡರು.

ನನ್ನದು ಹತ್ತು ವರ್ಷದ ಹಳೆ ಕಾಯಿಲೆ. ಪೂರ್ತಿ ಹೋಗಿಲ್ಲ. ಒಂದು ಮೆಟ್‌ಫಾರ್ಮಿನ್ ಇನ್ನೂ ನಡೆದಿದೆ. ಹೊಸದಾಗಿ ಬಂದವರಿಗೆ ನನಗಿಂತ ಹೆಚ್ಚು ಅವಕಾಶ ಇದೆ. ಅದಕ್ಕೇ ತಡ ಮಾಡಬೇಡಿ ಅನ್ನೋದು.

ನನ್ನ ಪುಸ್ತಕದ ಅಂಕಿ

ತಿಂಗಳ ಮೊದಲ ಸೋಮವಾರ ಸೊಸೈಟಿಯ ಗೊಬ್ಬರ ತೂಗುವ ತಕ್ಕಡಿ ಮೇಲೆ ನಿಂತು ಬರೆದಿಟ್ಟದ್ದು: ಜನವರಿ 2022ರಲ್ಲಿ 88. ಮಾರ್ಚಿಯಲ್ಲಿ 82. ಮೇ ತಿಂಗಳು 78. ಜುಲೈ 77. ಆಮೇಲೆ ಅಕ್ಟೋಬರ್ ತನಕ ಮುಳ್ಳು 77ರಲ್ಲೇ ನಿಂತಿತು. ಗೌರಿ ಹಬ್ಬ, ಪಿತೃಪಕ್ಷ, ಎಡೆ ಇಟ್ಟ ಮೇಲೆ ತಿನ್ನದೆ ಇರೋದು ಹೇಗೆ? ಬೇಜಾರಾಗಿ ಬಿಟ್ಟುಬಿಡೋಣ ಅನ್ನಿಸಿತ್ತು. ಆದರೆ ಅದೇ ಮೂರು ತಿಂಗಳಲ್ಲಿ ಉಡುದಾರ ಒಂದು ಅಂಗುಲ ಸಡಿಲಾಗಿತ್ತು. ಕೊಬ್ಬು ಹೋಗಿ ಆ ಜಾಗಕ್ಕೆ ಮಾಂಸಖಂಡ ಬಂದರೆ ತಕ್ಕಡಿ ಹೇಳೋದಿಲ್ಲ, ದಾರ ಹೇಳುತ್ತೆ. ಜನವರಿ 2023ಕ್ಕೆ 72. ಈಗ 70ರ ಆಸುಪಾಸು ನಿಂತಿದೆ. ಸೊಂಟ 42ರಿಂದ 35 ಅಂಗುಲ. ಎಚ್‌ಬಿ ಎ1ಸಿ 9.8ರಿಂದ 6.4.

ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಅಂಗುಲದೊಳಗೆ, ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಅಂಗುಲದೊಳಗೆ ಇರಬೇಕು. ಟೇಪು ಇಲ್ಲದಿದ್ದರೆ ಒಂದು ದಾರದಿಂದ ನಿಮ್ಮ ಎತ್ತರ ಅಳೆದು ಅರ್ಧಕ್ಕೆ ಮಡಿಸಿ. ಆ ಅರ್ಧ ದಾರ ಹೊಕ್ಕುಳ ಮೇಲೆ ಸುತ್ತಿಗೆ ಸಾಲದಿದ್ದರೆ ಹೊಟ್ಟೆ ಹೆಚ್ಚಾಗಿದೆ ಅಂತ ತಿಳಿಯಿರಿ.

ಹೊಲ ತಿರುಗಿ ಕೈಗೆ

2023ರ ಯುಗಾದಿಗೆ ಹೊಲ ವಾಪಸ್ ಬಿಡಿಸಿಕೊಂಡೆ. ಎರಡು ಎಕರೆಗೆ ಜಿಪಿಯು 28 ರಾಗಿ ಬಿತ್ತಿದೆ. ಬಾಡಿಗೆ ಎತ್ತು ತಂದು ನಾನೇ ಕುಂಟೆ ಹೊಡೆದೆ. ಕಾಲಿಗೆ ಕಾಲುಚೀಲ, ಮುಚ್ಚಿದ ಬೂಟು. ಊರವರು ಪೊಲೀಸ್ ಬಂದ ಅಂತ ನಕ್ಕರು, ನಗಲಿ. ಆ ವರ್ಷ ರಾಜ್ಯಕ್ಕೆಲ್ಲ ಬರ. ಎರಡು ಎಕರೆಗೆ ನಾಲ್ಕು ಚೀಲ ರಾಗಿ ಸಿಕ್ಕಿತು. ಬೇರೆ ವರ್ಷವಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆ. ಆ ವರ್ಷ ನಾಲ್ಕು ಚೀಲವನ್ನೂ ನಾನೇ ಹೊತ್ತು ಮನೆಗೆ ಹಾಕಿದೆ. 2024ರಲ್ಲಿ ಮಳೆ ಕೈ ಹಿಡಿಯಿತು, ಹದಿನೈದು ಕ್ವಿಂಟಾಲ್ ಆಯಿತು. ಅದೇ ವರ್ಷ ಮೇಲುಕೋಟೆ ಯೋಗಾನರಸಿಂಹನ ಬೆಟ್ಟವನ್ನು ಕಾಲುಚೀಲ ಹಾಕಿಕೊಂಡು, ಎರಡು ಕಡೆ ಮಾತ್ರ ಕೂತು ಹತ್ತಿದೆ. ಮನೆಯವಳು ಐದು ಕಡೆ ಕೂತಳು. ಈಗ ಅವಳನ್ನೂ ಕೆರೆ ಏರಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಕೊನೆಗೆ ರೈತ ಬಂಧುಗಳಲ್ಲಿ ವಿನಂತಿ. ಮೂವತ್ತು ವರ್ಷ ದಾಟಿದವರೆಲ್ಲ ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆಂದೇ ಬೇರೆ ವಿಭಾಗ ಇದೆ. ಕಾಯಿಲೆ ಇದ್ದವರು ದಿನವೂ ರಾತ್ರಿ ಅಂಗಾಲು ನೋಡಿಕೊಳ್ಳಿ, ಕಾಣದಿದ್ದರೆ ಕನ್ನಡಿ ಹಿಡಿಯಿರಿ. ಬರಿಗಾಲಲ್ಲಿ ಹೊಲಕ್ಕೆ ಇಳಿಯಬೇಡಿ. ಎತ್ತಿಗೆ ದುಡಿಮೆ ಇಲ್ಲದ ದಿನ ಹಿಂಡಿ ಕಡಿಮೆ ಮಾಡುವುದು ನಮಗೆಲ್ಲ ಗೊತ್ತು. ಅದೇ ನ್ಯಾಯ ನಮಗೂ ಇರಲಿ.

ನನ್ನ ಉಡುದಾರದಲ್ಲಿ ಈಗ ಏಳು ಅಂಗುಲ ಮಿಕ್ಕಿದೆ. ಕತ್ತರಿಸಿ ಹೊಸದು ಕಟ್ಟಿಕೊಳ್ಳಿ ಅಂತ ಮನೆಯವಳು ಹೇಳುತ್ತಾಳೆ. ಬೇಡ ಅಂದಿದ್ದೇನೆ. ನೇತಾಡುತ್ತಿರಲಿ, ನೆನಪಿಗಿರುತ್ತೆ.